ಕಂಡ ಕಣ್ಣು ಯಾರದು?

ಬೇಸಿಗೆ ಕಾಲಿಡುವ ಮೊದಲೇ ಊರಹೊಂಡದ ನೀರು ಕೆಳಗಿನ ಮೆಟ್ಟಿಲಿಗೆ ಇಳಿದಿತ್ತು. ದೊರೆ ಪಲ್ಲಕ್ಕಿ ಬಿಟ್ಟು, ನಡೆದುಕೊಂಡೇ ಹೊಳೆದಂಡೆಯ ಹುಣಿಸೆ ತೋಪಿಗೆ ಬಂದ.

ತೋಪಿನಲ್ಲಿ ಅಜ್ಜಯ್ಯ ಇದ್ದರು. ಅವರಿಗೆ ಬೇರೆ ಹೆಸರಿತ್ತೋ ಏನೋ, ಯಾರಿಗೂ ಗೊತ್ತಿರಲಿಲ್ಲ. ಊರವರಿಗೂ ಅಜ್ಜಯ್ಯ, ಶಿಷ್ಯರಿಗೂ ಅಜ್ಜಯ್ಯ.

"ಅಜ್ಜಯ್ಯ, ಒಂದು ಅಪ್ಪಣೆ ಹೊರಡಿಸಬೇಕು ಅಂತಿದ್ದೇನೆ" ಎಂದ ದೊರೆ. "ಗುಡ್ಡದ ಮೇಲಿನ ಕುರಿಹಟ್ಟಿಯನ್ನು ಎಬ್ಬಿಸಿ ಹೊಳೆಯಾಚೆ ಕಳಿಸಬೇಕು."

"ಯಾಕಪ್ಪಾ?"

"ಅವರ ಕುರಿಗಳು ಒರತೆಯನ್ನು ತುಳಿದು ಬತ್ತಿಸುತ್ತಿವೆ. ನಮ್ಮ ಊರು ಹೊಳೆಗೆ ದೂರ. ಗುಡ್ಡದ ಒರತೆಯೇ ನಮಗೆ ಗತಿ. ಅಲ್ಲಿಂದ ಕಲ್ಲುಗಾಲುವೆಯಲ್ಲಿ ಇಳಿದು ಬಂದ ನೀರೇ ಹೊಂಡ ತುಂಬಬೇಕು. ಅದು ಬತ್ತಿದರೆ ಊರು ಉಳಿಯೋದಿಲ್ಲ."

"ಕುರಿಗಳಿಂದಲೇ ಬತ್ತುತ್ತಿದೆ ಅಂತ ಹೇಳಿದವರು ಯಾರು?"

"ಎಲ್ಲರೂ ಹೇಳ್ತಾರೆ."

"ಎಲ್ಲರೂ ಹೇಳುವಾಗ ನನ್ನ ಹತ್ತಿರ ಯಾಕೆ ಬಂದೆ?"

ದೊರೆ ತಲೆ ತಗ್ಗಿಸಿದ. "ಹಟ್ಟಿಯಲ್ಲಿ ಬಾಣಂತಿಯರಿದ್ದಾರೆ, ಮಕ್ಕಳಿದ್ದಾರೆ. ಕುರಿಗಳು ಈಯುವ ಕಾಲ ಬೇರೆ. ಈಗ ಎಬ್ಬಿಸಿದರೆ ಎಷ್ಟು ಮರಿಗಳು ದಾರಿಯಲ್ಲೇ ಸಾಯುತ್ತವೋ. ತಮ್ಮ ಬಾಯಿಂದ ಒಂದು ಮಾತು ಬಂದರೆ ನನಗೆ ನಿಶ್ಚಿಂತೆ."

"ವಿಚಾರಿಸದೆ ನಾನೇನು ಹೇಳಲಿ? ಯುಗಾದಿಯವರೆಗೆ ತಾಳಿಕೋ. ಸಂಪಣ್ಣ ಹೋಗಿ ತಿಳಿದುಕೊಂಡು ಬರಲಿ."

ಶಿಷ್ಯ ಸಂಪಣ್ಣ ಪಕ್ಕದಲ್ಲೇ ನಿಂತಿದ್ದ. ಹೆಸರು ಕೇಳಿ ಕೈಮುಗಿದು ಮುಂದೆ ಬಂದ.

ಅವನು ತೋಪಿಗೆ ಬಂದದ್ದು ಜ್ವರದಲ್ಲಿ. ದಾರಿಯಲ್ಲಿ ಬಿದ್ದಿದ್ದವನನ್ನು ಯಾರೋ ಬಂಡಿಯವರು ತಂದು ಕಟ್ಟೆಯ ಮೇಲೆ ಮಲಗಿಸಿ ಹೋಗಿದ್ದರು. ಅಜ್ಜಯ್ಯ ತಮ್ಮ ಕೈಯಾರೆ ಗಂಜಿ ಕುಡಿಸಿ ಬದುಕಿಸಿದರು. ಆಮೇಲೆ ಅಕ್ಷರ ಕಲಿಸಿದರು, ಶಾಸ್ತ್ರ ಕಲಿಸಿದರು. ಅಜ್ಜಯ್ಯ ನಡುಹಗಲನ್ನು ರಾತ್ರಿ ಎಂದರೂ ಎದ್ದು ದೀಪ ಹಚ್ಚುವಷ್ಟು ನಂಬಿಕೆ ಅವನಿಗೆ.

ಮರುದಿನ ಬೆಳಗಾಗುತ್ತಲೇ ಹೊರಟ.

ವಾರ ಕಳೆಯುವುದರೊಳಗೆ ತಿರುಗಿ ಬಂದ. ಮುಖದಲ್ಲಿ ಬೆಳಕಿತ್ತು.

"ಸಂಶಯವೇ ಇಲ್ಲ ಅಜ್ಜಯ್ಯ. ದೊರೆ ಹೇಳಿದ್ದೇ ನಿಜ."

"ಯಾರನ್ನು ಕೇಳಿದೆ?"

"ಆಸ್ಥಾನದ ನರಹರಿ ಶಾಸ್ತ್ರಿಗಳನ್ನು ಕೇಳಿದೆ. ಅವರು ಓಲೆಯಲ್ಲೇ ಬರೆದಿಟ್ಟಿದ್ದಾರೆ. ಬಟ್ಟೆ ಅಂಗಡಿಯ ಪಾರಿಸಣ್ಣನನ್ನು ಕೇಳಿದೆ. ಹೊಂಡದ ಕಟ್ಟೆಯ ಪೂಜಾರಿಯನ್ನು ಕೇಳಿದೆ. ನೇಕಾರ ಕೇರಿಯ ಲಕ್ಕಣ್ಣನನ್ನು ಕೇಳಿದೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ನಾಲ್ಕು ಜನ. ನಾಲ್ವರದೂ ಒಂದೇ ಮಾತು."

"ಬೇರೆ ಮಾತು ಆಡಿದವರು ಯಾರೂ ಸಿಗಲಿಲ್ಲವೋ?"

"ಇಲ್ಲ." ಸಂಪಣ್ಣ ಸ್ವಲ್ಪ ತಡೆದ. "ವೈದ್ಯ ಗುರಪ್ಪನವರು ಮಾತ್ರ ಗೊತ್ತಿಲ್ಲ ಅಂದರು. ಉಪಯೋಗವಿಲ್ಲ ಅಂತ ಅವರನ್ನು ಬಿಟ್ಟೆ."

"ಏನಂದರು, ಅವರ ಮಾತಿನಲ್ಲೇ ಹೇಳು."

"'ಹೊಂಡದಲ್ಲಿ ನೀರು ಇಳಿದದ್ದು ನನಗೆ ಗೊತ್ತು, ದಿನಾ ಸ್ನಾನಕ್ಕೆ ಹೋಗ್ತೀನಿ. ಯಾಕೆ ಇಳಿಯಿತು ಅನ್ನೋದು ಗೊತ್ತಿಲ್ಲ. ನಾಡಿ ಹಿಡಿಯದೆ ರೋಗ ಹೇಳೋನು ನಾನಲ್ಲ' ಅಂದರು."

ಅಜ್ಜಯ್ಯ ಎದ್ದು ಒಳಗೆ ಹೋದರು. ಬರುವಾಗ ಒಂದು ಮಡಕೆ, ಒಂದು ತಂಬಿಗೆ, ಒಂದು ಬಟ್ಟಲು, ಒಂದು ತೆಂಗಿನ ಚಿಪ್ಪು ತಂದು ಅವನ ಮುಂದಿಟ್ಟರು. ನಾಲ್ಕರಲ್ಲೂ ಮಜ್ಜಿಗೆ.

"ಬಿಸಿಲಲ್ಲಿ ಬಂದಿದ್ದೀಯ. ಕುಡಿ."

ಸಂಪಣ್ಣ ಮಡಕೆಯದನ್ನು ಕುಡಿದ. ಮುಖ ಕಿವಿಚಿದ. ತಂಬಿಗೆಯದನ್ನು ಬಾಯಿಗಿಟ್ಟ. ಬಟ್ಟಲನ್ನೂ ಚಿಪ್ಪನ್ನೂ ನಾಲಿಗೆಗೆ ಮುಟ್ಟಿಸಿ ಕೆಳಗಿಟ್ಟ.

"ಹೇಗಿದೆ?"

"ಉಪ್ಪು ಜಾಸ್ತಿ ಅಜ್ಜಯ್ಯ."

"ಯಾವುದರಲ್ಲಿ?"

"ನಾಲ್ಕರಲ್ಲೂ."

"ಹಾಗಾದರೆ ನಾಲ್ಕು ಜನರ ಕೈ ತಪ್ಪಿತೋ?"

ಸಂಪಣ್ಣ ನಕ್ಕ. "ಎಲ್ಲಾದರೂ ಉಂಟೇ? ಎಲ್ಲಾ ಒಂದೇ ಗಡಿಗೆಯಿಂದ ಬಗ್ಗಿಸಿದ್ದು. ಉಪ್ಪು ಹಾಕಿದವರು ಒಬ್ಬರೇ."

ಹೇಳಿ ಮುಗಿಸುವಷ್ಟರಲ್ಲಿ ಅವನ ನಗು ನಿಂತಿತು.

"ನೀರು ಕುಡಿದು ಮತ್ತೆ ಹೊರಡು" ಎಂದರು ಅಜ್ಜಯ್ಯ. "ಮೊದಲು ವೈದ್ಯರ ಮನೆಗೆ ಹೋಗಿ ಕೈಮುಗಿ. ಗೊತ್ತಿಲ್ಲ ಅಂದು ನೀನು ಒಂದು ತಪ್ಪು ದಾರಿ ಹಿಡಿಯದಂತೆ ಮಾಡಿದ ಪುಣ್ಯಾತ್ಮ ಅವನು. ಆಮೇಲೆ ಉಪ್ಪು ಹಾಕಿದವರನ್ನು ಹುಡುಕು."

ವೈದ್ಯ ಗುರಪ್ಪ ಬೇರು ಅರೆಯುತ್ತಾ ಕೂತಿದ್ದರು. ಸಂಪಣ್ಣ ಕೈಮುಗಿದಾಗ ಗಾಬರಿಯಾದರು.

"ಯಾಕಯ್ಯಾ? ನಾನೇನೂ ಹೇಳಲಿಲ್ಲವಲ್ಲ ನಿನಗೆ."

"ಅದಕ್ಕೇ ಸ್ವಾಮಿ."

ಅವರಿಗೆ ಅರ್ಥವಾಗಲಿಲ್ಲ. ಆದರೂ ಖುಷಿಯಾಯಿತು. ಒಳಗಿಂದ ಒಂದು ಬೆಲ್ಲದಚ್ಚು ತರಿಸಿ ಕೈಗಿಟ್ಟು ಕಳಿಸಿದರು.

ಶಾಸ್ತ್ರಿಗಳು ಸುಲಭದ ಆಸಾಮಿಯಲ್ಲ. "ಓಲೆ ತೋರಿಸಿದ್ದೇನಲ್ಲ. ಮತ್ತೆ ಯಾಕೆ ಬಂದೆ?" ಎಂದು ಹುಬ್ಬು ಗಂಟಿಕ್ಕಿದರು.

"ಓಲೆ ಬರೆದವರು ತಾವು. ತಮಗೆ ಹೇಳಿದವರು ಯಾರು ಅಂತ ಕೇಳೋಣ ಅಂತ ಬಂದೆ."

"ಬರೆದದ್ದನ್ನು ಯಾರು ಹೇಳಿದರು ಅಂತ ಕೇಳ್ತಾರೇನೋ? ಬರೆದಿದೆ ಅಂದಮೇಲೆ ಮುಗಿಯಿತು."

"ತಿಳಿಯದೆ ಕೇಳಿದೆ ಸ್ವಾಮಿ. ಒರತೆಯನ್ನು ತಾವು ಕಣ್ಣಾರೆ ಕಂಡಿದ್ದೀರಾ?"

"ಈ ಮಂಡಿನೋವು ಕಟ್ಟಿಕೊಂಡು ಗುಡ್ಡ ಹತ್ತಲೇನು?" ಶಾಸ್ತ್ರಿಗಳು ಸಿಡುಕಿದರು. ಆಮೇಲೆ ಸ್ವಲ್ಪ ಇಳಿದ ದನಿಯಲ್ಲಿ, "ಪಾರಿಸಣ್ಣ ಹೇಳಿದ. ಊರೂರು ತಿರುಗುವ ವ್ಯಾಪಾರಿ. ಅವನಿಗೆ ತಿಳಿಯದ್ದು ಏನಿದೆ?" ಎಂದರು.

ಪಾರಿಸಣ್ಣ ಸೀರೆ ಮಡಿಸುತ್ತಾ ಹೇಳಿದ: "ನಾನು ಯಾವ ಗುಡ್ಡ ಕಂಡೇನು ಅಯ್ಯನೋರೇ! ಹೊಂಡದ ಪೂಜಾರಿ ಹೇಳಿದ್ದು. ದಿನಾ ನೀರಿನ ಪಕ್ಕದಲ್ಲೇ ಇರೋ ಮನುಷ್ಯ. ಅವನಿಗಿಂತ ಸಾಕ್ಷಿ ಬೇಕೇ?"

ಪೂಜಾರಿ ನೆನಪು ಮಾಡಿಕೊಳ್ಳಲು ಸಾಕಷ್ಟು ಹೊತ್ತು ತೆಗೆದುಕೊಂಡ. ಹೂವಿನ ಬುಟ್ಟಿಯನ್ನು ಆ ಕಡೆ ಈ ಕಡೆ ಸರಿಸಿದ. ಕೊನೆಗೆ, "ಲಕ್ಕಣ್ಣ ಅನ್ನೋನು ಇಲ್ಲೇ ಈ ಮೆಟ್ಟಿಲ ಮೇಲೆ ಕೂತು ಹೇಳಿದ. ಹೌದು, ಅವನೇ" ಎಂದ. "ಆಮೇಲೆ ಶಾಸ್ತ್ರಿಗಳು ಬರೆದಿದ್ದಾರೆ ಅಂತ ಕೇಳಿದೆ. ಆವಾಗ ಪಕ್ಕಾ ಆಯಿತು."

ನಾಲ್ಕು ಜನ ಹೋಗಿ ಒಬ್ಬನೇ ಉಳಿದಿದ್ದ. ಸಂಪಣ್ಣ ನೇಕಾರ ಕೇರಿಗೆ ನಡೆದ.

ಲಕ್ಕಣ್ಣ ಮಗ್ಗದಿಂದ ಎದ್ದು ಬಂದು, ತೋಪಿನ ಶಿಷ್ಯ ಎಂದು ಕಂಬಳಿ ಹಾಸಿ ಕೂರಿಸಿದ. ಅವನು ಪ್ರತಿ ಹುಣ್ಣಿಮೆಗೂ ತಪ್ಪದೆ ಪ್ರವಚನಕ್ಕೆ ಬರುವವನು.

"ಕುರಿಗಳು ಒರತೆ ಬತ್ತಿಸುತ್ತವೆ ಅಂತ ನಿನಗೆ ಹೇಳಿದವರು ಯಾರು ಲಕ್ಕಣ್ಣ?"

ಲಕ್ಕಣ್ಣ ಅವನನ್ನೇ ಬೆರಗಿನಿಂದ ನೋಡಿದ. ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿಕೊಂಡ.

"ಇನ್ಯಾರು ಹೇಳಬೇಕು? ನಮ್ಮ ಅಜ್ಜಯ್ಯ."

ಸಂಪಣ್ಣನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಯಾರು?"

"ಅಜ್ಜಯ್ಯ! ಕಾರ ಹುಣ್ಣಿಮೆ ದಿನ, ಕಟ್ಟೆ ಮೇಲೆ ಕೂತು. ನೀವೂ ಅಲ್ಲೇ ಇದ್ದಿರಲ್ಲ? 'ಆಸೆಗಳು ಕುರಿಮಂದೆ ಇದ್ದ ಹಾಗೆ. ಒಂದರ ಹಿಂದೆ ಒಂದು ಬಂದು ಒರತೆಯನ್ನು ತುಳಿದು ಬತ್ತಿಸಿಬಿಡುತ್ತವೆ' ಅಂದರು. ಹೊಂಡ ಇಳಿದದ್ದು ಕಂಡಾಗ ನನಗೆ ತಕ್ಷಣ ಹೊಳೆಯಿತು, ಅಜ್ಜಯ್ಯನಿಗೆ ಮೊದಲೇ ತಿಳಿದಿತ್ತು ನೋಡು ಅಂತ. ಅವರ ಬಾಯಲ್ಲಿ ಸುಳ್ಳು ಬರುತ್ತದೆಯೇ?"

ಸಂಪಣ್ಣನಿಗೂ ಆ ಹುಣ್ಣಿಮೆ ನೆನಪಾಯಿತು. ಆ ಮಾತು ಕೇಳಿ ಕಣ್ಣು ತುಂಬಿಕೊಂಡವರಲ್ಲಿ ಅವನೂ ಒಬ್ಬ.

ಅವನು ಎದ್ದು ಹೊರಗೆ ಬಂದ. ಎಡಕ್ಕೆ ಹೋದರೆ ತೋಪಿನ ದಾರಿ. ಕಾಲು ಅತ್ತ ಏಳಲಿಲ್ಲ.

ಯಾವ ಮುಖ ಇಟ್ಟುಕೊಂಡು ಹೋಗುವುದು? ಬದುಕಿಸಿದ ಕೈಯ ಕಡೆಗೆ ಬೆರಳು ತೋರಿಸುವುದೇ? ಪೂಜಾರಿಯ ಮಟ್ಟಿಗೆ ನಿಲ್ಲಿಸಿಬಿಟ್ಟರೆ? ಲಕ್ಕಣ್ಣನ ಹೆಸರು ಹೇಳಿ ಸುಮ್ಮನಾದರೆ?

ಆಮೇಲೆ ಬಲಕ್ಕೆ ತಿರುಗಿದ. ಗುಡ್ಡ ಆ ಕಡೆಗಿತ್ತು.

ಮೇಲೆ ಹಟ್ಟಿ ಮುಟ್ಟುವ ಹೊತ್ತಿಗೆ ನಾಯಿಗಳು ಸುತ್ತುವರಿದವು. ಅವುಗಳ ಹಿಂದೆ ಕೈಯಲ್ಲಿ ಕೋಲು ಹಿಡಿದು ಒಬ್ಬ ಹೆಂಗಸು ಬಂದಳು. ಹಟ್ಟಿಯ ಹಿರಿಯಳು, ಮಾಳವ್ವ.

"ಎಬ್ಬಿಸೋಕೆ ಬಂದೆಯೋ?"

"ಇಲ್ಲ ತಾಯಿ. ವಿಚಾರಿಸೋಕೆ ಬಂದೆ. ನಿಮ್ಮ ಕುರಿಗಳು ಒರತೆ ತುಳೀತವೆ ಅಂತ ಊರಲ್ಲಿ ಮಾತಿದೆ."

"ಸುಳ್ಳು!" ಮಾಳವ್ವ ಕೋಲು ನೆಲಕ್ಕೆ ಕುಟ್ಟಿದಳು. "ನಮ್ಮ ಒಂದು ಕುರಿಯೂ ಆ ಕಡೆ ಮೂತಿ ಹಾಕಿಲ್ಲ. ನಮ್ಮ ದೇವರಾಣೆಗೂ ಇಲ್ಲ."

ಸಂಪಣ್ಣನಿಗೆ ಎದೆ ಹಗುರಾಯಿತು. ಆ ಮಾತನ್ನೇ ಗಂಟು ಕಟ್ಟಿಕೊಂಡು ಇಳಿದುಬಿಡಬಹುದಿತ್ತು. ಆದರೆ ನಾಲಿಗೆಯ ಮೇಲೆ ಇನ್ನೂ ಆ ಉಪ್ಪಿತ್ತು.

"ಒರತೆ ಒಂದು ಸಲ ನೋಡಿಬರಲೇ?"

ಅವಳು ಮುಖ ತಿರುಗಿಸಿ ಗುಡಿಸಲ ಕಡೆ ನಡೆದಳು. ಅವನು ಹೋದ.

ಎರಡು ಬಂಡೆಗಳ ನಡುವೆ ಒರತೆ ತುಂಬಿ ನಿಂತಿತ್ತು. ತಳದ ಮರಳು ಸಣ್ಣಗೆ ಕುದಿಯುವಂತೆ ಏಳುತ್ತಿತ್ತು. ಬತ್ತಿದ ಲಕ್ಷಣವೇ ಇಲ್ಲ. ಅಂಚು ಮೀರಿ ನೀರು ಕಲ್ಲುಗಾಲುವೆಗೆ ಇಳಿಯುತ್ತಿತ್ತು. ಸಂಪಣ್ಣ ಬೊಗಸೆಯಲ್ಲಿ ಎತ್ತಿ ಕುಡಿದ. ಕಣ್ಣು ಮುಚ್ಚಿ ಆಹಾ ಎಂದು ಬಾಯಿಬಿಟ್ಟು ಹೇಳಿದ, ಕೇಳುವವರು ಯಾರೂ ಇಲ್ಲದಿದ್ದರೂ.

ಕಣ್ಣು ತೆರೆದಾಗ ಒರತೆಯ ಅಂಚಿನಲ್ಲಿ ಕುರಿಹಿಕ್ಕೆ ಕಂಡಿತು. ಸುತ್ತ ಗೊರಸಿನ ಗುರುತುಗಳೂ ಇದ್ದವು. ಇವತ್ತಿನವೂ ಇದ್ದವು, ಹಳೆಯವೂ ಇದ್ದವು.

ಹಟ್ಟಿಗೆ ತಿರುಗಿ ಬಂದು ಹೇಳಿದ: "ಕುರಿಗಳು ಒರತೆಗೆ ಹೋಗುತ್ತವೆ ತಾಯಿ. ಹಿಕ್ಕೆ ನೋಡಿದೆ."

ಮಾಳವ್ವನ ಮುಖ ಕಪ್ಪಾಯಿತು. "ನಿಜ ಹೇಳಿದರೆ ಓಡಿಸ್ತೀರಿ. ಸುಳ್ಳು ಹೇಳಿದರೂ ಓಡಿಸ್ತೀರಿ. ಏನು ಹೇಳಬೇಕಿತ್ತು ನಾನು?"

"ಒರತೆ ತುಂಬಿದೆ. ಅದನ್ನೂ ನೋಡಿದೆ. ಎರಡನ್ನೂ ಹೇಳ್ತೀನಿ."

"ಹಿಕ್ಕೆ ಮಾತು ಬಿಟ್ಟು ಹೇಳಬಾರದೇ?"

"ಬಿಟ್ಟರೆ, ನಾಳೆ ಬೇರೆ ಯಾರಾದರೂ ಹತ್ತಿ ಬಂದು ನೋಡಿದಾಗ ನನ್ನ ಒಂದು ಮಾತೂ ನಿಲ್ಲೋದಿಲ್ಲ."

ಮಾಳವ್ವ ಅವನನ್ನು ಅಳೆಯುವಂತೆ ನೋಡಿದಳು. ಗುಡಿಸಲ ಒಳಗಿಂದ ಈಗತಾನೇ ಹುಟ್ಟಿದ ಮರಿಯೊಂದರ ಕೂಗು ಕೇಳಿಸುತ್ತಿತ್ತು. ಅವಳು ಒಳಗೆ ಹೋಗಿ ಒಂದು ಬಟ್ಟಲು ಅಂಬಲಿ ತಂದುಕೊಟ್ಟಳು.

"ಉಂಡು ಹೋಗು. ಏನು ಬೇಕಾದರೂ ಹೇಳು. ಆದರೆ ಕಂಡದ್ದನ್ನೇ ಹೇಳು."

ಒರತೆ ತುಂಬಿದೆ, ಹೊಂಡ ಇಳಿದಿದೆ. ನಡುವೆ ನೀರು ಎಲ್ಲಿ ಹೋಗುತ್ತದೆ? ಸಂಪಣ್ಣ ಕಾಲುವೆಯ ಜೊತೆಗೇ ಇಳಿಯತೊಡಗಿದ.

ಅರ್ಧ ಗುಡ್ಡ ಇಳಿದಾಗ ಉತ್ತರ ಕಾಲಿಗೇ ತಗುಲಿತು. ಸುತ್ತ ಒಣಹುಲ್ಲು. ಅದರ ನಡುವೆ, ಕಾಲುವೆಯ ಪಕ್ಕಕ್ಕೆ, ಹಸಿರು ಸೀರೆ ಒಣಹಾಕಿದ ಹಾಗೆ ಉದ್ದಕ್ಕೆ ಎಳೆಹುಲ್ಲು. ಕಾಲಿಟ್ಟರೆ ಪಿಚಕ್ ಎನ್ನುವ ಕೆಸರು. ಕಾಲುವೆಯ ಕಲ್ಲುಗಳು ಬಾಯಿಬಿಟ್ಟಿದ್ದವು. ಒಂದು ಕಡೆ ಆಲದ ಬೇರು ಹೊಕ್ಕು ಕಲ್ಲನ್ನು ಎತ್ತಿತ್ತು. ಇನ್ನೊಂದು ಕಡೆ ಗಾರೆ ಉದುರಿತ್ತು. ನೀರೆಲ್ಲ ಅಲ್ಲಿ ಮಣ್ಣಿಗೆ ಇಂಗುತ್ತಿತ್ತು.

ಆ ಹಸಿರಿನ ಮೇಲೆ ಕುರಿಗಳು ಮೇಯುತ್ತಿದ್ದವು.

ಸಂಪಣ್ಣ ತಲೆಯೆತ್ತಿ ನೋಡಿದ. ಊರಿನ ಮಾಳಿಗೆಗಳು ಅಲ್ಲಿಂದ ಕಾಣುತ್ತಿದ್ದವು. ಅಂದರೆ ಮಾಳಿಗೆಗಳಿಗೂ ಈ ಕುರಿಗಳು ಕಾಣುತ್ತಿದ್ದವು. ನೀರು ಸೋರಿದ ಕಡೆ ಕುರಿ ಬಂದಿತ್ತು. ಊರವರು ಕುರಿ ಬಂದ ಕಡೆ ನೀರು ಬತ್ತಿತು ಎಂದು ತಿಳಿದಿದ್ದರು.

ಬಗ್ಗಿ ಒಂದೊಂದು ಕಲ್ಲನ್ನೂ ನೋಡುತ್ತಾ ಹೋದ. ಬೇರು ಎತ್ತಿದ ಕಲ್ಲುಗಳೇ ಹೆಚ್ಚು. ಆದರೆ ಕೆಲವು ಕಡೆ ಅಂಚಿನ ಕಲ್ಲುಗಳು ಜಾರಿಬಿದ್ದಿದ್ದವು, ಸುತ್ತ ಗೊರಸಿನ ಗುರುತು. ಅವನಿಗೆ ಅದು ಕಾಣದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕಂಡಾಗಿತ್ತು.

ತೋಪಿಗೆ ಬಂದಾಗ ಅಜ್ಜಯ್ಯ ಹೊಳೆಯ ಕಡೆಗೆ ಮುಖಮಾಡಿ ಕೂತಿದ್ದರು.

"ಉಪ್ಪು ಹಾಕಿದವರು ಸಿಕ್ಕರೋ?"

ಸಂಪಣ್ಣ ಮೊದಲು ಗುಡ್ಡದ ಸಂಗತಿ ಹೇಳಿದ. ಒರತೆ, ಹಿಕ್ಕೆ, ಮಾಳವ್ವನ ಜೊತೆ ಆಡಿದ ಮಾತು, ಕಾಲುವೆ, ಬೇರು, ಗೊರಸು, ಎಲ್ಲ ಹೇಳಿದ. ಅಜ್ಜಯ್ಯ ಸಾವಧಾನವಾಗಿ ಕೇಳಿದರು.

"ಅದು ನೀನು ಕಂಡದ್ದು. ಬಹಳ ಒಳ್ಳೆಯದಾಯಿತು. ನಾನು ಕೇಳಿದ್ದು ಉಪ್ಪು ಹಾಕಿದವರನ್ನು."

"ಪೂಜಾರಿಗೆ ಹೇಳಿದ್ದು ಲಕ್ಕಣ್ಣ."

"ಲಕ್ಕಣ್ಣನಿಗೆ?"

ಸಂಪಣ್ಣ ಅಜ್ಜಯ್ಯನ ಪಾದದ ಕಡೆ ನೋಡುತ್ತಾ ಕೂತ.

"ಹೇಳಪ್ಪಾ. ಯಾರಾದರೂ ಸರಿ."

"ತಾವು" ಎಂದ ಸಂಪಣ್ಣ. ಹೇಳಿ ಅತ್ತುಬಿಟ್ಟ. "ಕಾರ ಹುಣ್ಣಿಮೆ ದಿನ. ಆಸೆಯ ಮಾತಿಗೆ ಉಪಮೆ ಕೊಟ್ಟಿರಿ. ಲಕ್ಕಣ್ಣ ಆಸೆಯನ್ನು ಬಿಟ್ಟು ಕುರಿಯನ್ನು ಮನೆಗೆ ಹೊಡೆದುಕೊಂಡು ಹೋದ."

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

"ನಾನು ಆ ಗುಡ್ಡ ಹತ್ತಿಯೇ ಇಲ್ಲ ಸಂಪಣ್ಣ" ಎಂದರು ಕೊನೆಗೆ. "ಒರತೆಯ ಹತ್ತಿರ ಕುರಿಯನ್ನು ನಾನು ಕಂಡೇ ಇಲ್ಲ. ಮಾತಿಗೆ ಚೆನ್ನಾಗಿ ಕೂತಿತು ಅಂತ ಆಡಿದೆ."

ಆಮೇಲೆ ಅವರು ಎದ್ದು ನಿಂತು, ಅವನ ಎದುರು ಎರಡೂ ಕೈ ಜೋಡಿಸಿದರು.

ಸಂಪಣ್ಣ ಹೌಹಾರಿ ಅವರ ಕೈ ಹಿಡಿದುಕೊಂಡ. "ಏನು ಮಾಡ್ತಿದ್ದೀರಿ ಅಜ್ಜಯ್ಯ? ನನಗೆ ಪಾಪ ಬರುತ್ತದೆ!"

"ಸುಮ್ಮನಿರು. ಗುಡ್ಡ ಹತ್ತಿದ ನಿನ್ನ ಕಾಲಿಗೆ ಇದು. ನನ್ನ ಮಾತೊಂದು ಮನೆಮಠ ಎಬ್ಬಿಸೋಕೆ ಹೊರಟಿತ್ತು, ನನಗೇ ತಿಳಿಯದ ಹಾಗೆ. ನಿನ್ನ ಕಾಲು ಹೋಗಿ ಅದನ್ನು ಹಿಡಿದು ತಂದಿತು. ಯಾವ ಶಿಷ್ಯ ಯಾವ ಗುರುವಿಗೆ ಇಂಥ ಉಪಕಾರ ಮಾಡಿದ್ದಾನು?"

ಸಂಪಣ್ಣ ಕಣ್ಣೊರೆಸಿಕೊಂಡ. "ದೊರೆಯ ಮುಂದೆ ಕಾಲುವೆಯ ಮಾತು ಹೇಳ್ತೀನಿ. ಈ ಮಾತು ನಮ್ಮಲ್ಲೇ ಇರಲಿ."

"ಯಾಕೆ?"

"ತಮ್ಮ ಹೆಸರು ಹೇಗೆ ಹೇಳಲಿ?"

"ಹಿಕ್ಕೆಯ ಮಾತು ಬಿಡಬಾರದು ಅಂತ ಆ ತಾಯಿಗೆ ಹೇಳಿ ಬಂದೆಯಲ್ಲ" ಎಂದರು ಅಜ್ಜಯ್ಯ. "ನನ್ನನ್ನು ಮಾತ್ರ ಯಾಕೆ ಬಿಡ್ತೀಯ?"

ಯುಗಾದಿಯ ಮುನ್ನಾದಿನ ಹೊಂಡದ ಕಟ್ಟೆಯ ಮೇಲೆ ಊರು ಸೇರಿತು. ಕುರಿಹಟ್ಟಿಯವರನ್ನೂ ಕರೆಸಿದ್ದರು. ಮಾಳವ್ವ ಮರಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಹಿಂದೆ ನಿಂತಿದ್ದಳು. ಅಪ್ಪಣೆಯ ಓಲೆ ಸಿದ್ಧವಾಗಿತ್ತು, ಮುದ್ರೆ ಒತ್ತುವುದೊಂದು ಬಾಕಿ.

ಸಂಪಣ್ಣ ಎದ್ದು ನಿಂತ.

ಕಂಡದ್ದನ್ನು ಮೊದಲು ಹೇಳಿದ. ಕುರಿಗಳು ಒರತೆಗೆ ಹೋಗುತ್ತವೆ ಎಂದಾಗ ಊರವರ ಕಡೆಯಿಂದ "ನೋಡಿದಿರಾ!" ಎಂಬ ಸದ್ದೆದ್ದಿತು. ಒರತೆ ತುಂಬಿದೆ ಎಂದಾಗ ಆ ಸದ್ದು ಅಡಗಿತು. ಕಾಲುವೆಯ ಮಾತು ಬಂದಾಗ ಮುಖಗಳು ಒಂದನ್ನೊಂದು ನೋಡಿಕೊಂಡವು. ಆ ಕಾಲುವೆಯ ದಂಡೆಯಲ್ಲಿ ಇತ್ತೀಚೆಗೆ ನಡೆದವರು ಊರವರಲ್ಲಿ ಒಬ್ಬರೂ ಇರಲಿಲ್ಲ. ಕಾರಣ ಗೊತ್ತಿದ್ದವರಿಗೆ ನಡೆಯುವ ಗರಜೇನಿತ್ತು?

"ಕಲ್ಲು ಜಾರಿಸಿದ್ದರಲ್ಲಿ ಕುರಿಗಳ ಪಾಲು ಎಷ್ಟು?" ದೊರೆ ಕೇಳಿದ.

"ಸ್ವಲ್ಪ ಇದೆ. ಎಷ್ಟು ಅಂತ ನನಗೆ ಗೊತ್ತಿಲ್ಲ ಪ್ರಭು. ಬೇರಿನ ಪಾಲು ಹೆಚ್ಚು ಅಂತ ಕಣ್ಣಿಗೆ ಕಂಡಿತು."

ಶಾಸ್ತ್ರಿಗಳಿಗೆ ತಡೆಯಲಾಗಲಿಲ್ಲ. "ನನ್ನ ಓಲೆಯಲ್ಲಿ ಸ್ಪಷ್ಟವಾಗಿ ಬರೆದಿದೆ! ನಿನ್ನೆ ಮೊನ್ನೆ ಗುಡ್ಡ ಹತ್ತಿದ ಹುಡುಗನ ಮಾತು ದೊಡ್ಡದೋ, ಓಲೆ ದೊಡ್ಡದೋ?"

ಸಂಪಣ್ಣ ಬಾಯಿ ತೆರೆಯುವ ಮೊದಲೇ ಅವನ ಹಿಂದಿನಿಂದ ಅಜ್ಜಯ್ಯ ಎದ್ದು ಮುಂದೆ ಬಂದರು. ಸಭೆಯೆಲ್ಲ ಎದ್ದು ನಿಂತಿತು.

"ಶಾಸ್ತ್ರಿಗಳೇ, ಬರೆದ ಕೈ ನಿಮ್ಮದು. ಕೇಳಿದ ಕಿವಿಗಳು ಪಾರಿಸಣ್ಣನದು, ಪೂಜಾರಿಯದು, ಲಕ್ಕಣ್ಣನದು. ಆಡಿದ ಬಾಯಿ ನನ್ನದು. ಕಂಡ ಕಣ್ಣು ಯಾರದು?"

ಲಕ್ಕಣ್ಣ ಗಾಬರಿಯಲ್ಲಿ ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡ.

"ಲಕ್ಕಣ್ಣನ ತಪ್ಪಿಲ್ಲ" ಎಂದರು ಅಜ್ಜಯ್ಯ. "ನನ್ನ ಮೇಲಿನ ಪ್ರೀತಿಯಿಂದ ಹೊತ್ತುಕೊಂಡು ಹೋದ. ನಾನು ಕಾಣದೆ ಆಡಿದ್ದೆ. ದೊರೆ, ನಿನ್ನ ಅಪ್ಪಣೆಯ ಬುಡದಲ್ಲಿ ಇದ್ದದ್ದು ನನ್ನ ಒಂದು ಉಪಮೆ. ಅದರ ಮೇಲೆ ಯಾರ ಗುಡಿಸಲನ್ನೂ ಕೀಳಬೇಡ."

ದೊರೆ ಸಂಪಣ್ಣನ ಕಡೆ ತಿರುಗಿ, "ಈಗ ಏನು ಮಾಡಬೇಕು?" ಎಂದ.

"ಮಾಡೋದು ಪ್ರಭುಗಳಿಗೆ ಬಿಟ್ಟದ್ದು. ನನ್ನನ್ನು ಕೇಳಿದರೆ, ಮೊದಲು ಕಲ್ಲು ಕೂಡಿಸಿ ನೋಡೋಣ. ಹೊಂಡ ಏರಿದರೆ ಗೊತ್ತಾಗುತ್ತದೆ. ಏರದಿದ್ದರೂ ಒಂದು ಗೊತ್ತಾಗುತ್ತದೆ."

ದೊರೆ ಅಪ್ಪಣೆಯ ಓಲೆಯನ್ನು ತೆಗೆದು ಪಕ್ಕಕ್ಕಿಟ್ಟ.

ಹಬ್ಬ ಮುಗಿದ ಮೇಲೆ ಊರವರೂ ಹಟ್ಟಿಯವರೂ ಗುಡ್ಡ ಹತ್ತಿದರು. ಆಲದ ಬೇರು ಕಡಿದರು, ಕಲ್ಲು ಕೂಡಿಸಿದರು, ಗಾರೆ ಮೆತ್ತಿದರು. ಒರತೆಯ ಸುತ್ತ ಹಟ್ಟಿಯವರೇ ಮುಳ್ಳಿನ ಬೇಲಿ ಹಾಕಿ, ಕುರಿಗಳಿಗೆ ನೀರು ಕುಡಿಯಲು ಕೆಳಗೆ ಬೇರೆ ಒಂದು ಕಲ್ಲುಬಾನಿ ಇಟ್ಟರು. ಮಂಡಿನೋವಿನ ಶಾಸ್ತ್ರಿಗಳು ಅರ್ಧ ಗುಡ್ಡದವರೆಗೆ ಬಂದು, ಒಂದು ಬಂಡೆಯ ಮೇಲೆ ಕೂತು, ಕಣ್ಣಿಗೆ ಕೈ ಅಡ್ಡ ಹಿಡಿದು ಎಲ್ಲವನ್ನೂ ನೋಡಿದರು.

ಹೊಂಡದ ನೀರು ಮೆಟ್ಟಿಲು ಮೆಟ್ಟಿಲಾಗಿ ಏರಿತು. ಆದರೆ ಮೊದಲಿನಷ್ಟು ಏರಲಿಲ್ಲ.

"ಪೂರ್ತಿ ಯಾಕೆ ತುಂಬಲಿಲ್ಲ?" ಎಂದು ದೊರೆ ಹೇಳಿಕಳಿಸಿದ.

"ಗೊತ್ತಿಲ್ಲ ಪ್ರಭು. ಇನ್ನೂ ನೋಡಬೇಕು" ಎಂದು ಸಂಪಣ್ಣ ಉತ್ತರ ಕಳಿಸಿದ. ಆ ಮಾತು ಹೇಳುವಾಗ ಅವನಿಗೆ ನಾಚಿಕೆಯಾಗಲಿಲ್ಲ.

ಒಂದು ದಿನ ಮಾಳವ್ವ ತೋಪಿಗೆ ಬಂದಳು. ಹೊಸ ಕಂಬಳಿಯೊಂದನ್ನು ಸಂಪಣ್ಣನ ಮಡಿಲಿಗೆ ಹಾಕಿದಳು.

"ಇದೆಲ್ಲ ಯಾಕೆ ತಾಯಿ? ನಿಮ್ಮ ಕುರಿಗಳ ಮೇಲೆ ದೂರು ಹೇಳಿದವನು ನಾನು."

"ಅದಕ್ಕೇ ಮಗಾ. ನೀನು ಹಿಕ್ಕೆ ಮಾತನ್ನು ಬಿಡಲಿಲ್ಲ. ಅದಕ್ಕೇ ಅಲ್ಲವೇ ದೊರೆ ಉಳಿದದ್ದನ್ನೂ ನಂಬಿದ್ದು? ಬರೀ ನಮ್ಮ ಪರವಾಗೇ ಆಡಿದ್ದರೆ, ಅಂಬಲಿ ಉಂಡು ಬಂದು ಆಡ್ತಿದ್ದಾನೆ ಅಂತಿದ್ದರು. ನಮ್ಮ ಮರಿಗಳು ಉಳಿದವು. ಹೊದ್ದುಕೋ."

ಬಿಸಿಲು ಕಾಯುತ್ತಿತ್ತು. ಸಂಪಣ್ಣ ಆ ಕಂಬಳಿಯನ್ನು ಹೊದ್ದುಕೊಂಡು, ಅವಳು ಕಣ್ಮರೆಯಾಗುವವರೆಗೂ ಬೆವರುತ್ತಾ ಕೂತಿದ್ದ.

ಮಳೆಗಾಲ ಹತ್ತಿರವಾದಾಗ ಸಂಪಣ್ಣ ಹೊಳೆ ದಾಟುವ ದೋಣಿಗಂಡಿಯಿಂದ ಓಡುತ್ತಾ ಬಂದ. ನಗುವೋ ಅಳುವೋ ತಿಳಿಯದ ಮುಖ.

"ಅಜ್ಜಯ್ಯ, ಗಂಡಿಯಲ್ಲಿ ದೋಣಿಗೆ ಕಾಯುತ್ತಿದ್ದ ಯಾತ್ರಿಕರು ಮಾತಾಡಿಕೊಳ್ತಿದ್ದರು. ಕುರಿ ಮೇಯುವ ಕಡೆ ನೆಲದಿಂದ ನೀರು ಉಕ್ಕುತ್ತದಂತೆ. ಹೊಂಡ ತುಂಬಿಸಬೇಕಾದರೆ ಮಂದೆ ತಂದು ಕಟ್ಟಬೇಕಂತೆ. ತುಂಬಿದ ಸಭೆಯಲ್ಲಿ ತಾವೇ ಹೇಳಿದಿರಂತೆ."

ಅಜ್ಜಯ್ಯ ನಕ್ಕರು. ನಗುತ್ತಾ ನಗುತ್ತಾ ಅವರ ಕಣ್ಣು ತುಂಬಿತು.

"ನೀನು ಬಂದು ಹೇಳಿದೆಯಲ್ಲ, ಅದು ನನ್ನ ಭಾಗ್ಯ" ಎಂದರು.

ಸಂಪಣ್ಣ ಅವರ ಪಾದದ ಬಳಿ ಕೂತ. "ಈಗ ಏನು ಮಾಡೋದು ಅಜ್ಜಯ್ಯ?"

ಅಜ್ಜಯ್ಯ ಎದ್ದು, ಗೂಟದ ಮೇಲಿನ ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು, ಮೂಲೆಯ ಊರುಗೋಲಿಗೆ ಕೈಚಾಚಿದರು.

"ನಡಿ ಸಂಪಣ್ಣ, ಮಾತು ಇನ್ನೂ ಹೊಳೆ ದಾಟಿರಲಾರದು."